ಒಂದು ಸೇರು ಜೋಳ ಅಂದ್ರೆ ಎಷ್ಟು ಜೋಳ?

ಮಾಸ್, ವಾಲ್ಯೂಮ್, ಡೆನ್ಸಿಟಿ ಅಂತ ಹೈಸ್ಕೂಲಿಂದ ಓದುತ್ತಾ ಬಂದಿದ್ದೇವೆ. ಕನ್ನಡದಲ್ಲಿ ಇವು ದ್ರವ್ಯರಾಶಿ, ಗಾತ್ರ, ಸಾಂದ್ರತೆ. ದ್ರವ್ಯರಾಶಿಯನ್ನು ಗಾತ್ರದಿಂದ ಭಾಗಿಸಿದರೆ ಸಾಂದ್ರತೆ. ಸೂತ್ರ ಇಷ್ಟೇ. ಬಸವಕಲ್ಯಾಣ, ಹುಮನಾಬಾದ್ ನಡುವಿನ ರಾಜೇಶ್ವರದಂಥ ಊರಲ್ಲಿ ಇದನ್ನು ಜೋಳದ ಕಾಳಿನಿಂದಲೇ ಕಲಿಯಬಹುದು.

ಜೋಳದ ಕಾಳನ್ನು ನೀರಿಗೆ ಹಾಕಿ ನೋಡ್ರಿ, ಮುಳುಗುತ್ತೆ. ಅಂದ್ರೆ ಕಾಳಿನ ಸಾಂದ್ರತೆ ನೀರಿಗಿಂತ ಜಾಸ್ತಿ. ಈಗ 1 ಲೀಟರ್ ಪಾತ್ರೆ ತುಂಬಾ ಜೋಳ ಹಾಕಿ ತೂಗಿ. ಅದೇ ಪಾತ್ರೆಯ ನೀರು 1 ಕೆಜಿ ಇರುತ್ತೆ, ಜೋಳ ಮಾತ್ರ ಸುಮಾರು ಮುಕ್ಕಾಲು ಕೆಜಿ! ಮುಳುಗುವ ವಸ್ತು ನೀರಿಗಿಂತ ಹಗುರ ಹೇಗಾಯ್ತು?

ಉತ್ತರ ಕಾಳುಗಳ ಸಂದಿಯಲ್ಲಿದೆ. ಪಾತ್ರೆಯ ಗಾತ್ರದಲ್ಲಿ ಹೆಚ್ಚುಕಡಿಮೆ ಐದರಲ್ಲಿ ಎರಡು ಪಾಲು ಗಾಳಿ. ಕಾಳಿನ ಸಾಂದ್ರತೆ ಬೇರೆ, ರಾಶಿಯ ಸಾಂದ್ರತೆ ಬೇರೆ. ಎರಡನೆಯದಕ್ಕೆ ನಮ್ಮ ಪುಸ್ತಕದಲ್ಲಿ ಬಲ್ಕ್ ಡೆನ್ಸಿಟಿ ಅಂತಾರೆ.

ಇದು ಬರೀ ಪರೀಕ್ಷೆಯ ಪ್ರಶ್ನೆಯಲ್ಲ. ಹಿಂದೆ ಸೇರು ಅನ್ನೋದು ತೂಕಕ್ಕೂ ಇತ್ತು, ಅಳತೆಗೂ ಇತ್ತು. ತೂಕದ ಸೇರು ಸುಮಾರು 933 ಗ್ರಾಂ. ಅಳತೆಯ ಸೇರು ಅಂದ್ರೆ ಒಂದು ಪಾತ್ರೆ. ಸುಗ್ಗಿಯಲ್ಲಿ ಕೂಲಿಯನ್ನು ಕಾಳಿನಲ್ಲೇ ಅಳೆದು ಕೊಡುತ್ತಿದ್ದರು. ಅಳೆಯುವವರು ಮೆಲ್ಲಗೆ ಸುರಿದರೆ ಗಾಳಿ ಜಾಸ್ತಿ, ಅಲುಗಾಡಿಸಿ ತುಂಬಿದರೆ ಕಾಳು ಜಾಸ್ತಿ. ಒಂದು ಲೆಕ್ಕ ಹಾಕೋಣ. ಸಡಿಲವಾಗಿ ತುಂಬಿದರೆ ಲೀಟರಿಗೆ 720 ಗ್ರಾಂ, ಕುಟ್ಟಿ ತುಂಬಿದರೆ 780 ಗ್ರಾಂ ಅಂತ ಇಟ್ಟುಕೊಳ್ಳಿ. 4 ಲೀಟರಿಗೆ 240 ಗ್ರಾಂ ವ್ಯತ್ಯಾಸ, ಅಂದ್ರೆ ಮೂರು ನಾಲ್ಕು ರೊಟ್ಟಿಯ ಹಿಟ್ಟು. ಪಾತ್ರೆ ಅದೇ, ಅಳತೆ ಸರಿಯಾಗೇ ಇದೆ, ಆದರೂ ಒಬ್ಬರ ಮನೆಯಲ್ಲಿ ರೊಟ್ಟಿ ಕಡಿಮೆ.

ದೇಶದಲ್ಲಿ ಮೆಟ್ರಿಕ್ ಪದ್ಧತಿಗೆ ಕಾನೂನು ಬಂದದ್ದು 1956ರಲ್ಲಿ. ಬೀದರ್ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ್ದೂ ಅದೇ ವರ್ಷ. ಈಗ ಮಾರುಕಟ್ಟೆಯಲ್ಲಿ ತೊಗರಿ, ಸೋಯಾ ಎಲ್ಲ ಕ್ವಿಂಟಲ್ ಲೆಕ್ಕ. ಚೀಲ ಎಷ್ಟು ಅಲುಗಾಡಿಸಿದರೂ ಗಾತ್ರ ಬದಲಾಗಬಹುದು, ದ್ರವ್ಯರಾಶಿ ಬದಲಾಗಲ್ಲ.

ಸಿವಿಲ್ ಗೆಳೆಯರಿಗೆ ಇದೇ ಪಾಠ ಮರಳಿನಲ್ಲಿ ಸಿಗುತ್ತೆ. ಸ್ವಲ್ಪ ಒದ್ದೆಯಾದ ಮರಳು ಉಬ್ಬುತ್ತೆ, ಹಾಗಾಗಿ ಅದೇ ಬುಟ್ಟಿಯಲ್ಲಿ ಮರಳು ಕಡಿಮೆ ಬೀಳುತ್ತೆ. ಅದಕ್ಕೇ ಕಾಂಕ್ರೀಟಿಗೆ ಬುಟ್ಟಿ ಲೆಕ್ಕಕ್ಕಿಂತ ತೂಕದ ಲೆಕ್ಕ ಮೇಲು.

ಹಾಸ್ಟೆಲ್‌ನಲ್ಲಿ ಒಂದು ಲೋಟ, ಒಂದು ತಕ್ಕಡಿ, ಎರಡು ಹಿಡಿ ಜೋಳ ಸಿಕ್ಕರೆ ಸಾಕು. ಮೊದಲು ಮೆಲ್ಲಗೆ ತುಂಬಿ ತೂಗಿ, ಆಮೇಲೆ ಕುಟ್ಟಿ ತುಂಬಿ ತೂಗಿ. ನಿಮ್ಮ ಲೋಟದಲ್ಲಿ ಎಷ್ಟು ಗಾಳಿ ಇತ್ತು ಅಂತ ಲೆಕ್ಕ ಹಾಕಿ.