ಅಡಿಗೆಯ ಉಪ್ಪು ಮತ್ತು ಅಯಾನುಗಳ ಬಂಧ

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲವೆಂದು ನಮ್ಮ ಹಿರಿಯರು ಹೇಳುತ್ತ ಬಂದಿರುವರು. ಈ ಗಾದೆಯಲ್ಲಿ ಉಪ್ಪಿನ ಮಾತೂ ಬಂಧುತ್ವದ ಮಾತೂ ಜೊತೆಯಾಗಿ ಬಂದಿರುವುದು ರಸಾಯನ ಶಾಸ್ತ್ರವನ್ನು ಕಲಿಸುವವರಾದ ನಮಗೆ ಅನುಕೂಲವೇ ಸರಿ. ಯಾಕಂದರೆ ಉಪ್ಪಿನ ಒಂದೊಂದು ಹರಳೂ ಒಂದು ಬಗೆಯ ಬಂಧದಿಂದಲೇ ನಿಂತಿರುತ್ತದೆ.

ಈ ಪಾಠವನ್ನು ಆರಂಭಿಸಿದ ದಿನ ಒಬ್ಬ ವಿದ್ಯಾರ್ಥಿನಿಯು ಎದ್ದು ನಿಂತು, "ಸೋಡಿಯಂ ನೀರಿಗೆ ಬಿದ್ದರೆ ಹತ್ತಿಕೊಳ್ಳಬಹುದೆಂದು ಹೇಳಿದಿರಿ, ಕ್ಲೋರೀನು ವಿಷವಾಯುವೆಂದೂ ಹೇಳಿದಿರಿ. ಇವೆರಡೂ ಸೇರಿದ ಉಪ್ಪನ್ನು ನಾವು ದಿನವೂ ಗಂಜಿಗೆ ಹಾಕಿಕೊಂಡು ಉಣ್ಣುವುದು ಹೇಗೆ, ಟೀಚರ್?" ಎಂದು ಕೇಳಿದಳು. ಈ ಲೇಖನವು ಆ ಪ್ರಶ್ನೆಗೆ ಉತ್ತರವಾಗಿದೆ. ಅದೇ ದಿನ ಕರೀಹಲಗೆಯ ಮೇಲೆ ನಾವು ಮಾಡಿದ ಒಂದು ತಪ್ಪಿನ ತಿದ್ದುಪಡಿಯೂ ಇದರಲ್ಲಿ ಸೇರಿದೆ.

ಆ ಹುಡುಗಿಯ ಅಂಜಿಕೆಯು ನಿರಾಧಾರವಾದುದಲ್ಲ. 1807ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿಯು ಕರಗಿಸಿದ ಕಾಸ್ಟಿಕ್ ಸೋಡಾದಲ್ಲಿ ವಿದ್ಯುತ್ತನ್ನು ಹರಿಸಿ ಸೋಡಿಯಮನ್ನು ಮೊದಲು ಬೇರ್ಪಡಿಸಿದನು. ಅದು ಚಾಕುವಿನಿಂದ ಕೊಯ್ಯಬಹುದಾದಷ್ಟು ಮೆತ್ತಗಿನ ಲೋಹ; ಅದನ್ನು ಸೀಮೆಯೆಣ್ಣೆಯಲ್ಲಿ ಮುಳುಗಿಸಿಡಬೇಕಾಗುತ್ತದೆ. ಕ್ಲೋರೀನನ್ನು 1774ರಲ್ಲಿ ಸ್ವೀಡನ್ ದೇಶದ ಷೀಲೆಯು ತಯಾರಿಸಿದನು. ಹಸುರು ಹಳದಿ ಬಣ್ಣದ ಈ ವಾಯುವನ್ನೇ 1915ನೆಯ ಇಸವಿ ಏಪ್ರಿಲ್ 22ರಂದು ಬೆಲ್ಜಿಯಮಿನ ಈಪ್ರ್ ಎಂಬಲ್ಲಿ ಸೈನಿಕರ ಮೇಲೆ ಬಿಟ್ಟರು. ಹೀಗಿರುವಲ್ಲಿ ಈ ಎರಡರಿಂದ ಜೀವಕ್ಕೆ ಬೇಕಾದ ಉಪ್ಪು ಹುಟ್ಟುವುದು ಆಶ್ಚರ್ಯವಲ್ಲವೇ?

ಇದರ ಗುಟ್ಟು ಎಲೆಕ್ಟ್ರಾನುಗಳಲ್ಲಿದೆ. ಪ್ರತಿಯೊಂದು ಪರಮಾಣುವಿನ ನಡುವೆ ಧನ ವಿದ್ಯುತ್ತುಳ್ಳ ಕೇಂದ್ರವೂ ಅದರ ಸುತ್ತ ಋಣ ವಿದ್ಯುತ್ತುಳ್ಳ ಎಲೆಕ್ಟ್ರಾನುಗಳೂ ಇರುತ್ತವೆ. ಸೋಡಿಯಮಿನ 11 ಎಲೆಕ್ಟ್ರಾನುಗಳು 2, 8, 1 ಎಂಬ ಕ್ರಮದಲ್ಲಿಯೂ, ಕ್ಲೋರೀನಿನ 17 ಎಲೆಕ್ಟ್ರಾನುಗಳು 2, 8, 7 ಎಂಬ ಕ್ರಮದಲ್ಲಿಯೂ ಕವಚ ಕವಚವಾಗಿ ನಿಂತಿವೆ. ಸೋಡಿಯಮಿನ ಹೊರಗಿನ ಒಂದೇ ಎಲೆಕ್ಟ್ರಾನು ಕ್ಲೋರೀನಿಗೆ ಹೋದರೆ ಸೋಡಿಯಮಿನಲ್ಲಿ 2, 8 ಉಳಿಯುತ್ತದೆ, ಕ್ಲೋರೀನಿನಲ್ಲಿ 2, 8, 8 ಆಗುತ್ತದೆ. ಇವು ನಿಯಾನ್ ಮತ್ತು ಆರ್ಗಾನ್ ಎಂಬ ಜಡವಾಯುಗಳಲ್ಲಿರುವ ಸ್ಥಿರವಾದ ಕ್ರಮಗಳೇ ಆಗಿವೆ. ಈ ವಿಚಾರವನ್ನು 1916ರಲ್ಲಿ ಜರ್ಮನಿಯ ಕೋಸೆಲನು ವಿವರಿಸಿದನು.

ಎಲೆಕ್ಟ್ರಾನನ್ನು ಕಳೆದುಕೊಂಡ ಸೋಡಿಯಮಿನಲ್ಲಿ ಒಂದು ಧನ ವಿದ್ಯುದಂಶವೂ, ಪಡೆದ ಕ್ಲೋರೀನಿನಲ್ಲಿ ಒಂದು ಋಣ ವಿದ್ಯುದಂಶವೂ ಹೆಚ್ಚಾಗುತ್ತದೆ. ಹೀಗೆ ವಿದ್ಯುತ್ತನ್ನು ಹೊತ್ತ ಕಣಕ್ಕೆ ಅಯಾನು ಎಂದು ಹೆಸರು. 'ಹೋಗುವಂಥದು' ಎಂಬರ್ಥದ ಈ ಗ್ರೀಕ್ ಹೆಸರನ್ನು 1834ರಲ್ಲಿ ಮೈಕೆಲ್ ಫ್ಯಾರಡೆಯು ಬಳಕೆಗೆ ತಂದನು. ನಮ್ಮ ವಿದ್ಯಾರ್ಥಿನಿಗೆ ಉತ್ತರವು ಇಲ್ಲಿಯೇ ಇದೆ. ಉಪ್ಪಿನಲ್ಲಿರುವುದು ಸೋಡಿಯಂ ಲೋಹವೂ ಅಲ್ಲ, ಕ್ಲೋರೀನ್ ವಾಯುವೂ ಅಲ್ಲ, ಅವುಗಳ ಅಯಾನುಗಳು. ಒಂದೇ ಒಂದು ಎಲೆಕ್ಟ್ರಾನಿನ ವ್ಯತ್ಯಾಸದಿಂದ ವಸ್ತುವಿನ ನಡತೆಯೇ ಬೇರೆಯಾಗುತ್ತದೆ. ನೀರಿನೊಡನೆ ಕಾದಾಡುತ್ತಿದ್ದ ಸೋಡಿಯಂ ಅಯಾನಾದ ಮೇಲೆ ನೀರಿನಲ್ಲಿ ಶಾಂತವಾಗಿರುತ್ತದೆ.

ಆದರೆ ಸೋಡಿಯಂ ಸಂತೋಷದಿಂದ ಎಲೆಕ್ಟ್ರಾನನ್ನು ದಾನ ಮಾಡುವುದೆಂದು ಅನೇಕರು ಪರೀಕ್ಷೆಯಲ್ಲಿ ಬರೆಯುತ್ತಾರೆ. ಇದು ಸರಿಯಲ್ಲ. ಮನೆಯ ಜಮಾಖರ್ಚಿನಂತೆ ಇದರ ಲೆಕ್ಕವನ್ನು ಬರೆದು ನೋಡೋಣ. 23 ಗ್ರಾಮು ಸೋಡಿಯಮನ್ನೂ 35½ ಗ್ರಾಮು ಕ್ಲೋರೀನನ್ನೂ ತೆಗೆದುಕೊಳ್ಳೋಣ. ಸೋಡಿಯಮನ್ನು ಬಿಡಿ ಪರಮಾಣುಗಳ ಆವಿಯಾಗಿ ಮಾಡುವುದಕ್ಕೆ 107 ಕಿಲೋಜೂಲ್ ಖರ್ಚು. ಕ್ಲೋರೀನಿನ ಜೋಡಿಗಳನ್ನು ಬಿಡಿಸುವುದಕ್ಕೆ 122. ಸೋಡಿಯಮಿನಿಂದ ಎಲೆಕ್ಟ್ರಾನನ್ನು ಕಿತ್ತು ತೆಗೆಯುವುದಕ್ಕೆ 496. ಒಟ್ಟು ಖರ್ಚು 725. ಕ್ಲೋರೀನು ಎಲೆಕ್ಟ್ರಾನನ್ನು ಸ್ವೀಕರಿಸಿದಾಗ ಜಮೆಯಾಗುವುದು 349 ಮಾತ್ರ. ಇಷ್ಟಕ್ಕೇ ನಿಂತರೆ 376ರಷ್ಟು ಸಾಲ ಉಳಿಯುತ್ತದೆ, ಉಪ್ಪು ಉಂಟಾಗಲಾರದು. ಸಾಲವನ್ನು ತೀರಿಸುವುದು ಮುಂದಿನ ಕಾರ್ಯ. ಧನ ಮತ್ತು ಋಣ ಅಯಾನುಗಳು ಪರಸ್ಪರ ಆಕರ್ಷಣೆಯಿಂದ ಒತ್ತಾಗಿ ಕೂಡಿ ಹರಳಾಗುವಾಗ 787 ಕಿಲೋಜೂಲ್ ಶಕ್ತಿಯು ಹೊರಬರುತ್ತದೆ. ಸಾಲ ತೀರಿ 411 ಕಿಲೋಜೂಲ್ ಉಳಿತಾಯವಾಗುತ್ತದೆ. ಅದೇ ಶಾಖವಾಗಿಯೂ ಬೆಳಕಾಗಿಯೂ ತೋರಿಬರುತ್ತದೆ. ಆದಕಾರಣ ಬಂಧದ ಬಲವು ಎಲೆಕ್ಟ್ರಾನನ್ನು ಕೊಟ್ಟುದರಲ್ಲಿ ಇಲ್ಲ, ಕೊಟ್ಟ ಮೇಲೆ ಎಲ್ಲರೂ ಕೂಡಿ ಬಾಳುವುದರಲ್ಲಿದೆ ಎಂಬುದನ್ನು ಮರೆಯಬಾರದು.

ಇನ್ನು ನಮ್ಮ ತಪ್ಪಿನ ಸಂಗತಿ. ನಾವು ಅನೇಕ ವರ್ಷಗಳಿಂದ ಕರೀಹಲಗೆಯ ಮೇಲೆ ಒಂದು ಸೋಡಿಯಂ ಮತ್ತು ಒಂದು ಕ್ಲೋರೀನ್ ಕೈಹಿಡಿದು ನಿಂತಂತೆ ಚಿತ್ರವನ್ನು ಬರೆದು, ಅದರ ಕೆಳಗೆ 'ಉಪ್ಪಿನ ಅಣು' ಎಂದು ಬರೆಯುತ್ತಿದ್ದೆವು. ಅಂದೂ ಹಾಗೆಯೇ ಬರೆದು, ಬಳಿಕ ಹರಳಿನ ನಕ್ಷೆಯನ್ನು ತೋರಿಸಿದೆವು. ಆಗ ಅದೇ ವಿದ್ಯಾರ್ಥಿನಿಯು, "ಈ ಸೋಡಿಯಮಿನ ಸುತ್ತ ಆರು ಕ್ಲೋರೀನುಗಳಿವೆಯಲ್ಲಾ, ಇವುಗಳಲ್ಲಿ ಇದರ ಜೋಡಿ ಯಾವುದು?" ಎಂದು ಕೇಳಿದಳು. ನಾವು ಒಂದು ಗಳಿಗೆ ಸುಮ್ಮನಾಗಿ, ಬರೆದುದನ್ನು ಅವಳ ಎದುರಿಗೇ ಅಳಿಸಿದೆವು. ಯಾಕಂದರೆ ಅಂಥ ಜೋಡಿಯೇ ಅಲ್ಲಿಲ್ಲ. ಪ್ರತಿಯೊಂದು ಸೋಡಿಯಂ ಅಯಾನಿಗೂ ಆರು ಕ್ಲೋರೈಡ್ ಅಯಾನುಗಳು ಸಮಾನ ನೆರೆಯವರು. ಪ್ರತಿಯೊಂದು ಕ್ಲೋರೈಡ್ ಅಯಾನಿಗೂ ಆರು ಸೋಡಿಯಂ ಅಯಾನುಗಳು ಹಾಗೆಯೇ. ಈ ರಚನೆಯನ್ನು 1913ರಲ್ಲಿ ಎಕ್ಸ್ ಕಿರಣಗಳ ಸಹಾಯದಿಂದ ತಿಳಿಸಿದವನು ಲಾರೆನ್ಸ್ ಬ್ರ್ಯಾಗ್. 1915ರಲ್ಲಿ ತಂದೆಯೊಡನೆ ನೊಬೆಲ್ ಪಾರಿತೋಷಕವನ್ನು ಪಡೆದಾಗ ಅವನಿಗೆ 25 ವರ್ಷ. ಉಪ್ಪಿನಲ್ಲಿ ಅಣುವಿಲ್ಲವೆಂಬ ಮಾತನ್ನು ಪಂಡಿತರೂ ಸುಲಭವಾಗಿ ಒಪ್ಪಲಿಲ್ಲ. ಹೆನ್ರಿ ಆರ್ಮ್‌ಸ್ಟ್ರಾಂಗ್ ಎಂಬ ವೃದ್ಧ ರಸಾಯನಜ್ಞನು 1927ರಲ್ಲಿಯೂ 'ನೇಚರ್' ಪತ್ರಿಕೆಗೆ ಇದನ್ನು ಹಳಿದು ಬರೆದನು. ಆದರೆ ಹರಳಿನ ಸಾಕ್ಷ್ಯವೇ ಗೆದ್ದಿತು. ಆದ್ದರಿಂದ ಉಪ್ಪಿನ ಸೂತ್ರವು ಒಂದು ಅಣುವನ್ನು ಹೇಳುವುದಿಲ್ಲ. ಒಂದಕ್ಕೆ ಒಂದು ಎಂಬ ಪ್ರಮಾಣವನ್ನು ಮಾತ್ರ ಹೇಳುತ್ತದೆ.

ಈ ಪ್ರಮಾಣವನ್ನು ಕಂಡುಹಿಡಿಯುವ ಬಗೆಯೂ ಕಷ್ಟವಲ್ಲ. ಧನವೂ ಋಣವೂ ಸರಿಹೊಂದಬೇಕು. ಕ್ಯಾಲ್ಸಿಯಂ ಎರಡು ಎಲೆಕ್ಟ್ರಾನುಗಳನ್ನು ಬಿಡುವುದರಿಂದ ಒಂದು ಕ್ಯಾಲ್ಸಿಯಮಿಗೆ ಎರಡು ಕ್ಲೋರೈಡುಗಳು ಬೇಕು. ಅಲ್ಯೂಮಿನಿಯಂ ಮೂರನ್ನು ಬಿಡುತ್ತದೆ, ಆಕ್ಸಿಜನ್ ಎರಡನ್ನು ಪಡೆಯುತ್ತದೆ. ಆದ್ದರಿಂದ ಎರಡು ಅಲ್ಯೂಮಿನಿಯಮಿಗೆ ಮೂರು ಆಕ್ಸಿಜನ್.

ಅಯಾನು ಬಂಧದ ಗುಣಗಳನ್ನು ಅಡಿಗೆಮನೆಯಲ್ಲಿಯೇ ಪರೀಕ್ಷಿಸಬಹುದು. ಕಾದ ಬಾಣಲೆಯಲ್ಲಿ ಸಕ್ಕರೆಯು ಬೇಗನೆ ಕರಗಿ ಕಂದಾಗುತ್ತದೆ, ಉಪ್ಪು ಕರಗುವುದಿಲ್ಲ. ಸಕ್ಕರೆಯ ಅಣುಗಳ ನಡುವಣ ಹಿಡಿತವು ಬಲಹೀನ. ಉಪ್ಪಿನ ಅಯಾನುಗಳ ಹಿಡಿತವನ್ನು ಸಡಿಲಿಸುವುದಕ್ಕೆ 801 ಡಿಗ್ರಿ ಸೆಂಟಿಗ್ರೇಡ್ ಶಾಖ ಬೇಕು. ಎರಡೆರಡು ವಿದ್ಯುದಂಶಗಳುಳ್ಳ ಮೆಗ್ನೀಷಿಯಂ ಆಕ್ಸೈಡಿಗಾದರೋ 2800 ಡಿಗ್ರಿಗೂ ಹೆಚ್ಚು ಬೇಕಾಗುತ್ತದೆ. ಕಲ್ಲುಪ್ಪನ್ನು ಕುಟ್ಟಿದರೆ ಅದು ಲೋಹದಂತೆ ಚಪ್ಪಟೆಯಾಗದೆ ಒಡೆದುಹೋಗುತ್ತದೆ. ಪೆಟ್ಟಿನಿಂದ ಒಂದು ಸಾಲು ಸರಿದಾಗ ಧನದ ಎದುರಿಗೆ ಧನ, ಋಣದ ಎದುರಿಗೆ ಋಣ ಬಂದು, ಅವು ಒಂದನ್ನೊಂದು ನೂಕುವುದೇ ಇದಕ್ಕೆ ಕಾರಣ. ಒಣ ಉಪ್ಪಿನಲ್ಲಿ ಅಯಾನುಗಳು ತಮ್ಮ ಸ್ಥಾನವನ್ನು ಬಿಟ್ಟು ಕದಲಲಾರದುದರಿಂದ ವಿದ್ಯುತ್ತು ಹರಿಯುವುದಿಲ್ಲ. ನೀರಿನಲ್ಲಿ ಕರಗಿಸಿದರೆ ನೀರಿನ ಅಣುಗಳು ಒಂದೊಂದು ಅಯಾನನ್ನೂ ಸುತ್ತುವರಿದು ಬಿಡಿಸುವುದರಿಂದ ವಿದ್ಯುತ್ತು ಹರಿಯುತ್ತದೆ. ಸಕ್ಕರೆಯ ನೀರಿನಲ್ಲಿ ಅಯಾನುಗಳಿಲ್ಲದ ಕಾರಣ ಹಾಗೆ ಹರಿಯದು. ವಿದ್ಯುತ್ತಿನ ಪ್ರಯೋಗವನ್ನು ಶಾಲೆಯಲ್ಲಿ ಉಪಾಧ್ಯಾಯಿನಿಯರ ಸಮಕ್ಷಮದಲ್ಲಿ, ಸಣ್ಣ ಬ್ಯಾಟರಿಯಿಂದಲೇ ಮಾಡತಕ್ಕದ್ದು.

ಗೋಕರ್ಣದ ಬಳಿಯ ಸಾಣಿಕಟ್ಟಾದ ಆಗರಗಳಲ್ಲಿ ಬಿಸಿಲು ನೀರನ್ನು ಹೀರಿಕೊಂಡಂತೆ, ಚದುರಿಹೋಗಿದ್ದ ಈ ಅಯಾನುಗಳೇ ಮರಳಿ ಸಾಲುಗೂಡಿ ಹರಳುಗಟ್ಟುತ್ತವೆ. ಅವೇ ಅಯಾನುಗಳು ನಮ್ಮ ರಕ್ತದಲ್ಲಿಯೂ ನರಗಳಲ್ಲಿಯೂ ಕೆಲಸ ಮಾಡುತ್ತವೆ. ವಾಂತಿಭೇದಿಯಿಂದ ಸೊರಗಿದ ಮಗುವಿಗೆ ಉಪ್ಪು ಸಕ್ಕರೆಗಳನ್ನು ತಕ್ಕ ಅಳತೆಯಲ್ಲಿ ಬೆರೆಸಿದ ನೀರನ್ನು ಕುಡಿಸುವುದೂ, ಗಳಗಂಡ ರೋಗವನ್ನು ತಡೆಯುವುದಕ್ಕಾಗಿ ಉಪ್ಪಿಗೆ ಪೊಟ್ಯಾಸಿಯಂ ಅಯೊಡೇಟ್ ಎಂಬ ಮತ್ತೊಂದು ಅಯಾನು ಸಂಯುಕ್ತವನ್ನು ಸೇರಿಸುವುದೂ ಈ ಜ್ಞಾನದ ಫಲಗಳೇ. ನಾಳೆ ಮನೆಯನ್ನು ನೋಡಿಕೊಳ್ಳುವವರೂ ದಾದಿಯರೂ ವೈದ್ಯರೂ ಆಗತಕ್ಕ ನಮ್ಮ ವಿದ್ಯಾರ್ಥಿನಿಯರಿಗೆ ಇದು ಕೇವಲ ಪರೀಕ್ಷೆಯ ಪಾಠವಲ್ಲ.

ಇನ್ನು ಮುಂದೆ ಉಪ್ಪಿನ ಭರಣಿಯ ಮುಚ್ಚಳವನ್ನು ತೆಗೆದಾಗ ಒಂದು ಹರಳನ್ನು ಅಂಗೈಯಲ್ಲಿಟ್ಟುಕೊಂಡು ಅದರ ಚೌಕ ಮೂಲೆಗಳನ್ನು ನೋಡಿರಿ. ಸಂಶಯ ಹುಟ್ಟಿದರೆ ಎದ್ದು ನಿಂತು ಕೇಳಿರಿ. ಕರೀಹಲಗೆಯ ಮೇಲೆ ಬರೆದ ಮಾತ್ರಕ್ಕೆ ಯಾವುದೂ ಸತ್ಯವಾಗುವುದಿಲ್ಲವೆಂಬುದನ್ನು ನಾವೂ ಒಬ್ಬ ಹುಡುಗಿಯಿಂದಲೇ ಕಲಿತೆವು.