ಪುಸ್ತಕ ಯಾರು ಮಾಡ್ತಾರೆ?



ಈ ಪಾಠ ಒಂದು ಪ್ರಶ್ನೆಯಿಂದ ಶುರುವಾಯಿತು. ಪ್ರಶ್ನೆ ಕೇಳಿದ್ದು ನಾನಲ್ಲ. ಬೂದಿಕೋಟೆಯ ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ಅಜ್ಜಿ.

ಸಂಜೆ ಹೊತ್ತು. ಡೈರಿಗೆ ಹಾಲು ಹಾಕಿ, ಮುದ್ದೆ ಕಟ್ಟಿಟ್ಟು, ಒಬ್ಬೊಬ್ಬರಾಗಿ ಬಂದು ಕೂತಿದ್ದರು. ಅಜ್ಜಿ ಸೆರಗಿನಲ್ಲಿ ಏನೋ ಮುಚ್ಚಿಕೊಂಡು ತಂದಿದ್ದರು. ತೆಗೆದು ನನ್ನ ಮುಂದೆ ಇಟ್ಟರು. ಮೊಮ್ಮಗನ ಕಥೆ ಪುಸ್ತಕ.

"ಟೀಚರಮ್ಮಾ, ಇದನ್ನ ಯಾರು ಮಾಡ್ತಾರೆ?"

"ಪ್ರೆಸ್ಸಿನವರು ಅಜ್ಜಿ" ಅಂದೆ.

"ಅದಲ್ಲಮ್ಮಾ. ಒಳಗಿರೋ ಕಥೆ ಯಾರದು? ಅವರಿಗೆ ಯಾರು ಹೇಳಿದ್ರು?"

ನಾನು ತಟ್ಟನೆ ಉತ್ತರ ಹೇಳಲಿಲ್ಲ. ಅಜ್ಜಿಯೇ ಮುಂದೆ ಹೇಳಿದರು. ಮೊಮ್ಮಗ ಮೂರನೇ ಕ್ಲಾಸು. ದಿನಾ ರಾತ್ರಿ ಅಜ್ಜಿಯ ಪಕ್ಕದಲ್ಲೇ ಮಲಗುತ್ತಿದ್ದ. ಕಥೆ ಹೇಳದೆ ಇದ್ದರೆ ನಿದ್ದೆ ಬರುತ್ತಿರಲಿಲ್ಲ. ಈಗ ಬೇಡ ಅಂತಾನೆ. "ನಿಂದು ತೆಲುಗು ಕಥೆ ಅಜ್ಜಿ. ಪುಸ್ತಕದಲ್ಲಿ ಇಲ್ಲ. ಸುಳ್ಳು ಕಥೆ" ಅಂದನಂತೆ. ಅವತ್ತಿನಿಂದ ಅಜ್ಜಿ ಕಥೆ ಹೇಳೋದನ್ನೇ ಬಿಟ್ಟಿದ್ದರು.

ನಮ್ಮ ಕಡೆ ಇದು ಹೊಸದಲ್ಲ. ಬಂಗಾರಪೇಟೆ ತಾಲ್ಲೂಕಿಗೆ ಆಂಧ್ರವೂ ಹತ್ತಿರ, ತಮಿಳುನಾಡೂ ಹತ್ತಿರ. ಒಂದೇ ಬೀದಿಯಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು ಕೇಳುತ್ತದೆ. ಎಷ್ಟೋ ಮನೆಗಳಲ್ಲಿ ಒಲೆ ಮುಂದೆ ಒಂದು ಮಾತು, ಶಾಲೆಯಲ್ಲಿ ಇನ್ನೊಂದು. ಶಾಲೆ ಸೇರಿದ ಮಗುವಿಗೆ ಮನೆಯ ಮಾತು ಸಣ್ಣದು ಅನ್ನಿಸಿಬಿಡುತ್ತದೆ. ಹಾಗೆ ಅಂತ ಯಾರೂ ಬಾಯಿಬಿಟ್ಟು ಹೇಳಿಕೊಟ್ಟಿರುವುದಿಲ್ಲ. ನಮ್ಮಂಥ ಟೀಚರುಗಳೂ ಅದಕ್ಕೆ ಸ್ವಲ್ಪ ಕಾರಣ.

ಅಜ್ಜಿಗೆ ನಾನು ಒಬ್ಬರ ವಿಷಯ ಹೇಳಿದೆ. ನಿಮಗೂ ಹೇಳುತ್ತೇನೆ.

ಅವರ ಹೆಸರು ಪಂಜೆ ಮಂಗೇಶರಾಯರು. ನಮ್ಮ ಜಿಲ್ಲೆಯವರಲ್ಲ. ಪಡುವಣ ಸಮುದ್ರದ ಕಡೆಯವರು. ದಕ್ಷಿಣ ಕನ್ನಡದ ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದರು. ಬಡತನದಲ್ಲೇ ಓದಿದರು. ಅವರ ಮನೆ ಮಾತು ಕೊಂಕಣಿ. ಬೀದಿಗೆ ಬಂದರೆ ತುಳು. ಶಾಲೆಗೆ ಹೋದರೆ ಕನ್ನಡ. ನೋಡಿದಿರಾ, ನಮ್ಮ ಊರಿನ ಹಾಗೇ!

ಪಂಜೆಯವರು ಮೊದಲು ಮೇಷ್ಟ್ರಾಗಿದ್ದರು. ಆಮೇಲೆ ಶಾಲೆಗಳ ಇನ್ಸ್‌ಪೆಕ್ಟರ್ ಕೆಲಸ ಸಿಕ್ಕಿತು. ಊರೂರು ತಿರುಗಿ ಶಾಲೆಗಳನ್ನು ನೋಡುವ ಕೆಲಸ. ಆ ಕಾಲದಲ್ಲಿ ಇನ್ಸ್‌ಪೆಕ್ಟರು ಬರುತ್ತಾರೆ ಅಂದರೆ ಶಾಲೆಗೆ ಶಾಲೆಯೇ ನಡುಗುತ್ತಿತ್ತು. ಮಕ್ಕಳಿಗಿಂತ ಮೇಷ್ಟ್ರಿಗೇ ಹೆಚ್ಚು ಭಯ. (ಈಗಲೂ ಸ್ವಲ್ಪ ಇದೆ. ಸುಳ್ಳು ಯಾಕೆ ಹೇಳಲಿ?) ಆದರೆ ಪಂಜೆಯವರು ಬಂದರೆ ಮಕ್ಕಳಿಗೆ ಕಥೆ ಹೇಳುತ್ತಿದ್ದರು. ಹಾಡು ಹೇಳಿಕೊಡುತ್ತಿದ್ದರು. ಇನ್ಸ್‌ಪೆಕ್ಟರ ಮುಂದೆ ಮಕ್ಕಳು ನಗುತ್ತಿದ್ದರು.

ಆಗ ಕನ್ನಡದಲ್ಲಿ ಮಕ್ಕಳಿಗೆ ಅಂತ ಪುಸ್ತಕಗಳು ತೀರಾ ಕಡಿಮೆ. ಇದ್ದವುಗಳ ಮಾತು ಕಬ್ಬಿಣದ ಕಡಲೆ. ಪಂಜೆಯವರು ಗೆಳೆಯರನ್ನು ಸೇರಿಸಿ 1921ರಲ್ಲಿ ಮಂಗಳೂರಿನಲ್ಲಿ 'ಬಾಲ ಸಾಹಿತ್ಯ ಮಂಡಲ' ಕಟ್ಟಿದರು. ಮಕ್ಕಳಿಗಾಗಿ ಪುಸ್ತಕ ತರುವುದೇ ಅದರ ಕೆಲಸ. ಪದ್ಯದ ಕೆಳಗೆ ತಮ್ಮ ಹೆಸರಿನ ಬದಲು 'ಕವಿಶಿಷ್ಯ' ಅಂತ ಹಾಕಿಕೊಳ್ಳುತ್ತಿದ್ದರು. ಅಂದರೆ ಕವಿಗಳ ಶಿಷ್ಯ. ದೊಡ್ಡವರಾದರೂ ತಮ್ಮನ್ನು ಕಲಿಯುವವನು ಅಂತಲೇ ಕರೆದುಕೊಂಡರು. ಮುಂದೆ 1934ರಲ್ಲಿ ರಾಯಚೂರಿನ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 1937ರಲ್ಲಿ ತೀರಿಕೊಂಡರು.

ಈಗ ಅಜ್ಜಿಯ ಪ್ರಶ್ನೆಗೆ ಬರೋಣ. ಅವರಿಗೆ ಕಥೆಗಳನ್ನು ಯಾರು ಹೇಳಿದರು?

ಕೆಲವು ಕಥೆ ಅವರೇ ಕಟ್ಟಿದ್ದು. ಕೆಲವು ಬೇರೆ ದೇಶದಿಂದ ಬಂದದ್ದು. ಇನ್ನು ಕೆಲವು ಜನರ ಬಾಯಲ್ಲೇ ಇದ್ದವು. ತುಳುನಾಡಿನಲ್ಲಿ 'ಪಾಡ್ದನ' ಅಂತ ಉದ್ದುದ್ದ ಹಾಡುಗಳಿವೆ. ಗದ್ದೆಯಲ್ಲಿ ಪೈರು ನಾಟಿ ಮಾಡುತ್ತಾ ಹೆಂಗಸರು ಅವನ್ನು ಹಾಡುತ್ತಿದ್ದರು. ಕೋಟಿ, ಚೆನ್ನಯ ಅನ್ನುವ ಇಬ್ಬರು ವೀರ ಅಣ್ಣತಮ್ಮಂದಿರ ಕಥೆ ಪಾಡ್ದನದಲ್ಲಿದೆ. ಪಂಜೆಯವರು ಅದನ್ನು ಕನ್ನಡದಲ್ಲಿ 'ಕೋಟಿ ಚೆನ್ನಯ' ಅಂತ ಬರೆದರು. ಪುಸ್ತಕ ಬರೆದವರ ಹೆಸರು ನಮಗೆ ಗೊತ್ತಿದೆ. ಮೊಣಕಾಲುದ್ದ ಕೆಸರಿನಲ್ಲಿ ನಿಂತು ಅದನ್ನು ಹಾಡಿಕೊಂಡು ಬಂದ ಹೆಂಗಸರ ಹೆಸರು ಯಾರಿಗೂ ಗೊತ್ತಿಲ್ಲ. ಇದು ನನ್ನ ಮನಸ್ಸಿನಲ್ಲಿ ಚುಚ್ಚುತ್ತಲೇ ಇರುತ್ತದೆ.

ಪಂಜೆಯವರ ಇನ್ನೊಂದು ಕಥೆ ಇದೆ. ಅದರ ಹೆಸರು 'ಸಿಗಡಿ ಯಾಕೆ ಒಣಗಲಿಲ್ಲ?' ಸಂತೆಯಲ್ಲಿ ನೀವು ಒಣ ಸೀಗಡಿ ನೋಡಿರುತ್ತೀರಿ. ಅದೇ. ಬಿಸಿಲಿಗೆ ಹಾಕಿದ ಸಿಗಡಿ ಯಾಕೆ ಒಣಗಲಿಲ್ಲ ಅಂತ ಕೇಳುತ್ತಾ ಕೇಳುತ್ತಾ ಒಂದರ ಹಿಂದೆ ಒಂದು ಕಾರಣ ಹೊರಡುತ್ತದೆ.

ನಾನು ಇಷ್ಟು ಹೇಳಿದ್ದೇ ತಡ, ಅಜ್ಜಿ ಎದ್ದು ನಿಂತರು.

"ಅಯ್ಯೋ! ಅದು ನನ್ನ ಕಥೆ ಕಣಮ್ಮಾ! ಏಳು ಮೀನಿನ ಕಥೆ!"

ಮೂಲೆಯಲ್ಲಿ ಕೂತಿದ್ದ ಇಬ್ಬರು ಅಕ್ಕಂದಿರು "ನಮ್ಮ ಮನೇಲೂ ಹೇಳ್ತಿದ್ರು" ಅಂದರು. ತೆಲುಗು ಮನೆಗಳಲ್ಲಿ ಈ ಕಥೆ ಗೊತ್ತಿಲ್ಲದವರು ಕಡಿಮೆ. ಅಜ್ಜಿ ಹೇಳತೊಡಗಿದರು. ರಾಜನಿಗೆ ಏಳು ಜನ ಗಂಡು ಮಕ್ಕಳು. ಬೇಟೆಗೆ ಹೋಗಿ ಏಳು ಮೀನು ತಂದರು. ಬಿಸಿಲಿಗೆ ಹಾಕಿದರು. ಆರು ಒಣಗಿದವು, ಒಂದು ಒಣಗಲಿಲ್ಲ. ಯಾಕೆ? ಹುಲ್ಲಿನ ಮೆದೆ ಅಡ್ಡ ಬಂತು. ಮೆದೆ ಯಾಕೆ ಅಡ್ಡ ಬಂತು? ಹಸು ಮೇಯಲಿಲ್ಲ. ಹಸು ಯಾಕೆ ಮೇಯಲಿಲ್ಲ? ದನ ಕಾಯೋ ಹುಡುಗ ಬಿಡಲಿಲ್ಲ. ಅವನಿಗೆ ಅವ್ವ ಅನ್ನ ಹಾಕಿರಲಿಲ್ಲ. ಅವ್ವನ ಕಂಕುಳಲ್ಲಿ ಮಗು ಅಳುತ್ತಿತ್ತು. ಮಗುವಿಗೆ ಇರುವೆ ಕಚ್ಚಿತ್ತು. ಇರುವೆಯನ್ನು ಕೇಳಿದರೆ, ನನ್ನ ಗೂಡಿಗೆ ಬೆರಳು ಹಾಕಿದರೆ ಕಚ್ಚದೆ ಮುದ್ದು ಮಾಡಲಾ ಅಂತು!

ಎಲ್ಲರೂ ನಕ್ಕರು. ಅವತ್ತು ಕಾಗುಣಿತ ನಡೆಯಲಿಲ್ಲ.

ಸಮುದ್ರದ ಕಡೆ ಸಿಗಡಿ, ನಮ್ಮ ಕಡೆ ಏಳು ಮೀನು. ಎರಡೂ ಒಂದೇ ಬಳ್ಳಿಯ ಕಾಯಿ. ಅಲ್ಲಿಯದು ಕನ್ನಡದಲ್ಲಿ ಅಚ್ಚಾಯಿತು. ಅಜ್ಜಿಯ ಕಥೆ ಕಾಗದಕ್ಕೆ ಇಳಿಯಲಿಲ್ಲ, ಅಷ್ಟೇ ವ್ಯತ್ಯಾಸ. ಮೊಮ್ಮಗ ಹೇಳಿದ ಹಾಗೆ ಅದು ಸುಳ್ಳು ಕಥೆ ಅಲ್ಲ.

"ಹಾಗಾದ್ರೆ ನಂದೂ ಪುಸ್ತಕ ಆಗುತ್ತಾ?" ಅಂದರು ಅಜ್ಜಿ. ಆಮೇಲೆ ಅವರೇ ನಾಚಿಕೊಂಡು, "ನನ್ನ ಮಾತು ಯಾರು ಕೇಳ್ತಾರೆ ಬಿಡು" ಅಂದರು.

ಪಕ್ಕದಲ್ಲಿದ್ದ ಸಂಘದ ಅಕ್ಕ ಬಿಡಲಿಲ್ಲ. "ಯಾಕಜ್ಜಿ, 'ನಮ್ಮ ಧ್ವನಿ' ಮರೆತ್ರಾ?" ಅಂದರು. ಬೇರೆ ಊರಿನವರಿಗೆ ಇದು ಗೊತ್ತಿರಲಿಕ್ಕಿಲ್ಲ. 2001ರ ಹೊತ್ತಿಗೆ ನಮ್ಮ ಬೂದಿಕೋಟೆಯಲ್ಲೇ 'ನಮ್ಮ ಧ್ವನಿ' ಅನ್ನುವ ಹಳ್ಳಿಯ ರೇಡಿಯೋ ಕೆಲಸ ಶುರುವಾಗಿತ್ತು. ಮೈರಾಡ, ವಾಯ್ಸಸ್ ಅನ್ನುವ ಸಂಸ್ಥೆಗಳು ಜೊತೆಗಿದ್ದವು. ಸ್ವಸಹಾಯ ಸಂಘದ ಹೆಂಗಸರು ಮೈಕಿನ ಮುಂದೆ ಕೂತು ತಮ್ಮ ವಿಷಯ ತಾವೇ ಹೇಳಿದರು. ಆಗ ಹಳ್ಳಿಯವರು ತಾವೇ ರೇಡಿಯೋ ಸ್ಟೇಷನ್ ನಡೆಸಲು ಸರ್ಕಾರದ ಅನುಮತಿ ಇರಲಿಲ್ಲ. ಅದಕ್ಕೇ ಟಿವಿ ಕೇಬಲ್ಲಿನ ತಂತಿಯಲ್ಲೇ ದನಿಯನ್ನು ಮನೆಮನೆಗೆ ಕಳಿಸಿದರು. ದೂರದ ಊರುಗಳಿಂದ ಜನ ಬಂದು ನೋಡಿ ಹೋದರು.

ಮಾತು ತಂತಿಯಲ್ಲಿ ಹೋಗಬಹುದಾದರೆ ಕಾಗದದಲ್ಲಿ ಯಾಕೆ ಹೋಗಬಾರದು? ಸರಿ, ಪುಸ್ತಕ ಮಾಡುವ ಕೆಲಸಕ್ಕೆ ಕೂತೆವು.

ಮಕ್ಕಳಿಗೆ ಬರೆಯುವವರು ಶಾಲೆಗೆ ಬಂದರೆ ಮಕ್ಕಳು ಕೇಳುವ ಮೊದಲ ಪ್ರಶ್ನೆ, "ಒಂದೇ ಸಲಕ್ಕೆ ಬರೀತೀರಾ?" ಇಲ್ಲ. ಒಂದು ಸಲ ಬರೆಯುತ್ತಾರೆ. ಗಟ್ಟಿಯಾಗಿ ಓದುತ್ತಾರೆ. ಮಗು ಆಕಳಿಸಿದ ಕಡೆ ಗೀಟು ಹಾಕುತ್ತಾರೆ. ಮತ್ತೆ ಬರೆಯುತ್ತಾರೆ. ಜಿ.ಪಿ. ರಾಜರತ್ನಂ ಅವರ ಕಥೆಯೂ ಹಾಗೇ. ಅವರು ಚಿಕ್ಕ ಮಕ್ಕಳಿಗೆ ಮೇಷ್ಟ್ರಾಗಿದ್ದರು. ಆಗ ಇದ್ದ ಪದ್ಯಗಳು ಅವರಿಗೆ ಒಪ್ಪಿಗೆಯಾಗಲಿಲ್ಲ. ತಾವೇ ಬರೆದರು. ಹಾಗೆ ಹುಟ್ಟಿದ್ದು 'ತುತ್ತೂರಿ' ಪುಸ್ತಕ. ಮುಂದೆ ದೊಡ್ಡ ಪ್ರೊಫೆಸರಾದರು. ಆದರೂ ಕನ್ನಡ ಪುಸ್ತಕಗಳನ್ನು ತಾವೇ ಹೊತ್ತುಕೊಂಡು ಹೋಗಿ ಮಾರುತ್ತಿದ್ದರು. ಹೆಂಗಸರಲ್ಲಿ ಅನುಪಮಾ ನಿರಂಜನ ಇದ್ದರು. ಅವರು ಡಾಕ್ಟರು. ರೋಗಿಗಳನ್ನು ನೋಡಿ, ಮನೆ ನೋಡಿ, ಮಕ್ಕಳಿಗಾಗಿ 'ದಿನಕ್ಕೊಂದು ಕಥೆ' ಬರೆದರು. ದಿನಕ್ಕೆ ಒಂದು ಕಥೆ, ತಿಂಗಳಿಗೆ ಒಂದು ಪುಸ್ತಕ, ಒಟ್ಟು 12 ಪುಸ್ತಕ. ನಮಗೆ ಟೈಮಿಲ್ಲ ಅನ್ನುವಾಗ ನಾನು ಇವರನ್ನು ನೆನೆಸಿಕೊಳ್ಳುತ್ತೇನೆ.

ಬರೆದ ಮೇಲೆ ಅಚ್ಚು. ಹಿಂದೆ ಸೀಸದ ಅಚ್ಚುಮೊಳೆಗಳಿದ್ದವು. ಒಂದು ಅಕ್ಷರಕ್ಕೆ ಒಂದು ಮೊಳೆ. ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಾಮುರುಗಾ. ಒಂದೊಂದೇ ಆರಿಸಿ ಸಾಲು ಜೋಡಿಸಬೇಕು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1841ರಲ್ಲೇ ಪ್ರೆಸ್ ಶುರುಮಾಡಿದ್ದರು. ಈಗ ಆ ಕೆಲಸವನ್ನು ಕಂಪ್ಯೂಟರು ಮಾಡುತ್ತದೆ. ಆದರೆ ತಪ್ಪು ಹುಡುಕುವ ಕೆಲಸ ಈಗಲೂ ಕಣ್ಣಿನದೇ. ಅದನ್ನು ಕರಡು ತಿದ್ದುವುದು ಅನ್ನುತ್ತಾರೆ. ಒಂದು ಅಕ್ಷರ ತಪ್ಪಿದರೆ ಏನಾಗುತ್ತದೆ ನೋಡಿ:

ಅಜ್ಜಿ ಕಾಳು ಬೀಸಿದಳು.
ಅಜ್ಜಿ ಕಾಲು ಬೀಸಿದಳು.

ಗಟ್ಟಿಯಾಗಿ ಓದಿ. ವ್ಯತ್ಯಾಸ ತಿಳಿಯಿತಲ್ಲ?

ಇನ್ನು ಹಾಳೆ ಮಡಚುವುದು. ಇದನ್ನು ನೀವೇ ಮಾಡಿ. ಒಂದು ದೊಡ್ಡ ಹಾಳೆ ತಗೊಳ್ಳಿ. ಒಂದು ಸಲ ಮಡಚಿ, 4 ಪುಟ ಆಯಿತು. ಅಡ್ಡಕ್ಕೆ ಇನ್ನೊಂದು ಸಲ ಮಡಚಿ, 8 ಪುಟ. ಮತ್ತೊಂದು ಸಲ ಮಡಚಿ, 16 ಪುಟ. ಈಗ ಮೂಲೆ ಎತ್ತಿ ಎತ್ತಿ 1ರಿಂದ 16ರವರೆಗೆ ಅಂಕಿ ಬರೆಯಿರಿ. ಬಿಚ್ಚಿ ನೋಡಿ. 1ರ ಪಕ್ಕದಲ್ಲಿ 16 ಕೂತಿರುತ್ತದೆ! ಅರ್ಧ ಅಂಕಿಗಳು ತಲೆಕೆಳಗು! ಪ್ರೆಸ್ಸಿನಲ್ಲೂ ಹೀಗೇ. ದೊಡ್ಡ ಹಾಳೆಯ ಮೇಲೆ ಪುಟಗಳನ್ನು ಹೀಗೆ ತಲೆಕೆಳಗು ಮಾಡಿ ಅಚ್ಚು ಹಾಕುತ್ತಾರೆ. ಮಡಚಿದ ಮೇಲೆ ಎಲ್ಲ ಸರಿಯಾಗಿ ನಿಲ್ಲುತ್ತದೆ. ಮೊದಲ ಸಲ ನೋಡಿದಾಗ ನನಗೇ ಆಶ್ಚರ್ಯ ಆಗಿತ್ತು. ಬರೆದು ಮುಗಿದ ಮೇಲೆ ಮತ್ತೆ ಮಡಚಿ, ಬೆನ್ನಿನ ಮಡಿಕೆಯಲ್ಲಿ ದಬ್ಬಳದಿಂದ ಮೂರು ತೂತು ಮಾಡಿ, ದಪ್ಪ ದಾರದಲ್ಲಿ ಹೊಲಿಯಿರಿ. ಆಮೇಲೆ ಉಳಿದ ಅಂಚುಗಳನ್ನು ಕತ್ತರಿಸಿ. ರಟ್ಟಿಗೆ ಹಳೆ ಕ್ಯಾಲೆಂಡರ್ ಸಾಕು. ಈ ಹೊಲಿಗೆಯಲ್ಲಿ ನಿಮಗೆ ನಾನು ಹೇಳಿಕೊಡುವುದು ಏನೂ ಇಲ್ಲ. ನಮ್ಮ ಕೇಂದ್ರದಲ್ಲಿ ನನ್ನ ಹೊಲಿಗೆಯೇ ಎಲ್ಲರಿಗಿಂತ ಕೆಟ್ಟದಾಗಿತ್ತು.

ನಡುವೆ ನನ್ನ ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ಹಿಂದೆ ನಾನು ಇದ್ದ ಒಂದು ಶಾಲೆಯಲ್ಲಿ ಒಂದು ಬೀರು ತುಂಬ ಕಥೆ ಪುಸ್ತಕ ಇದ್ದವು. ಬೀಗದ ಕೈ ನನ್ನ ಹತ್ತಿರ. ಒಂದು ಪುಸ್ತಕ ಹರಿದರೆ ಸ್ಟಾಕ್ ರಿಜಿಸ್ಟರಿಗೆ ಲೆಕ್ಕ ಕೊಡಬೇಕು ಅಂತ ಹೆದರಿ ನಾನು ಬೀಗವೇ ತೆಗೆಯಲಿಲ್ಲ. ಎರಡು ವರ್ಷ! ತೆಗೆದು ನೋಡಿದಾಗ ಗೆದ್ದಲು ತಿಂದಿತ್ತು. ಮಕ್ಕಳ ಕೈಯಲ್ಲಿ ಹರಿದಿದ್ದರೆ ಎಷ್ಟೋ ವಾಸಿ ಇತ್ತು. ನಿಮ್ಮ ಮಗುವಿನ ಶಾಲೆಯಲ್ಲೂ ಬೀರು ಇರುತ್ತದೆ. ಬೀಗ ಹಾಕಿದ್ದರೆ ಒಳಗೆ ಏನಿದೆ ಅಂತ ಕೇಳಿ. ಕೇಳುವ ಹಕ್ಕು ನಿಮಗಿದೆ. ಈಗ ನಿಮಗೆ ಓದಲೂ ಬರುತ್ತದೆ.

ಅಜ್ಜಿ ಕಥೆ ಬರೆಯಲು ಮೂರು ವಾರ ಹಿಡಿಯಿತು. ದಿನಕ್ಕೆ ನಾಲ್ಕು ಸಾಲು. ಒತ್ತಕ್ಷರ ಬಂದ ಕಡೆ ನಿಂತುಬಿಡುತ್ತಿದ್ದರು. ಏಳು ಮೀನನ್ನು ಅವರೇ ಬರೆದರು, ರಂಗೋಲಿ ಹಾಕುವ ಹಾಗೆ ಚುಕ್ಕಿ ಇಟ್ಟು. ಕೊನೆಯ ಪುಟದಲ್ಲಿ ಇರುವೆ ಬರಬೇಕಿತ್ತು. ಅಜ್ಜಿ 'ಚೀಮ' ಅಂತ ಬರೆದಿದ್ದರು. ಅದು ತೆಲುಗು. ನಾನು ಟೀಚರ ಬುದ್ಧಿಯಿಂದ ಅದನ್ನು ಹೊಡೆದು 'ಇರುವೆ' ಅಂತ ತಿದ್ದಿದೆ.

"ಬೇಡಮ್ಮಾ" ಅಂದರು ಅಜ್ಜಿ. "ಮಿಕ್ಕಿದ್ದೆಲ್ಲಾ ನಿಮ್ಮ ಪುಸ್ತಕದ ಮಾತಲ್ಲೇ ಇರಲಿ. ಆ ಕಚ್ಚೋದೊಂದು ಚೀಮನೇ ಆಗಿರಲಿ. ನಮ್ಮವ್ವ ಹಂಗೇ ಹೇಳ್ತಿದ್ಲು."

ಹಾಗೇ ಬಿಟ್ಟೆ. ರಟ್ಟಿನ ಮೇಲೆ ಅಜ್ಜಿ ತಮ್ಮ ಹೆಸರು ಬರೆದರು. ಕೆಳಗೆ ಅವರ ಅವ್ವನ ಹೆಸರನ್ನೂ ಬರೆದರು.

ಮಾರನೆಯ ದಿನ ಬಂದು ಹೇಳಿದರು. ಮೊಮ್ಮಗ ರಾತ್ರಿ ಬುಡ್ಡಿಯ ಹಾಗೆ ಬಲ್ಬಿನ ಕೆಳಗೇ ಕೂತು ಓದಿದನಂತೆ. ಎರಡು ಕಡೆ "ಅಜ್ಜಿ, ಇಲ್ಲಿ ತಪ್ಪು" ಅಂದನಂತೆ. 'ಚೀಮ' ಬಂದ ಕಡೆ ಮಾತ್ರ ನಿಲ್ಲಲೇ ಇಲ್ಲವಂತೆ.

ಓದಿ, ಬರೆಯಿರಿ

ಕಾಲು – ಕಾಳು. ಹಾಲು – ಹಾಳು. ಬಾಲು – ಬಾಳು. ಒಂದೊಂದನ್ನೂ ಸೇರಿಸಿ ಒಂದು ವಾಕ್ಯ ಬರೆಯಿರಿ. ಇದರಲ್ಲಿ ಒಂದು ಆಟದ ಮೈದಾನದ ಮಾತು. ಗೊತ್ತಿಲ್ಲದಿದ್ದರೆ ಮಕ್ಕಳನ್ನು ಕೇಳಿ.

ಮಾತಾಡಿ

ನಿಮ್ಮ ಮನೆಯಲ್ಲಿ ಏಳನೇ ಮೀನು ಯಾಕೆ ಒಣಗಲಿಲ್ಲ? ನಿಮಗೆ ಆ ಕಥೆ ಯಾರು ಹೇಳಿದರು? ಅವರ ಹೆಸರು ಬರೆಯಿರಿ.