ಹನಿ ಕೇಕಿಗೆ ಒಂದು ಸಂಜೆ

ಬೆಂಗಳೂರಿಗೆ ಬಂದ ನೆಂಟರನ್ನು ಎಲ್ಲರೂ ಮೊದಲು ದೋಸೆಗೇ ಕರೆದೊಯ್ಯುತ್ತಾರೆ. ಹೋಗಿ, ಬೇಡವೆನ್ನುವವರಾರು? ಆದರೆ ಒಂದು ದಿನ ಸಂಜೆ ನಾಲ್ಕರ ಮೇಲೆ ಗಂಟೆ ಹೊತ್ತು ಉಳಿಸಿಕೊಂಡು ಅಯ್ಯಂಗಾರ್ ಬೇಕರಿಯೊಂದರ ಮುಂದೆ ನಿಲ್ಲಿ. ನೂರರ ನೋಟಿನಲ್ಲಿ ಇಬ್ಬರ ಬಾಯಿ ಸಿಹಿಯಾಗುತ್ತದೆ, ಚಿಲ್ಲರೆಯೂ ಉಳಿಯಬಹುದು.

ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದರೆ ವಿ.ವಿ. ಪುರಂನ ಸಜ್ಜನ್‌ರಾವ್ ವೃತ್ತಕ್ಕೆ ನಡೆದೇ ಹೋಗಬಹುದು. ಅಲ್ಲಿನ ವಿ.ಬಿ. ಬೇಕರಿ 1953ರಿಂದ ಇದೆ. ಪಕ್ಕದಲ್ಲೇ ತಿಂಡಿ ಬೀದಿ. ಹಾಗಂತ ಅಲ್ಲಿಗೇ ಹೋಗಬೇಕೆಂಬ ಹಟ ಬೇಡ. ಜಯನಗರ, ಮಲ್ಲೇಶ್ವರ, ರಾಜಾಜಿನಗರ, ನೀವು ಎಲ್ಲಿ ಇಳಿದುಕೊಂಡಿದ್ದರೂ ಹತ್ತಿರದ ತಿರುವಿನಲ್ಲಿ ಒಂದು ಬೇಕರಿ ಸಿಗುತ್ತದೆ. ಹಾಸನದ ಕಡೆಯ ಹಳ್ಳಿಗಳಿಂದ ಬಂದ ಅಯ್ಯಂಗಾರ್ ಕುಟುಂಬಗಳು ಕಟ್ಟಿದ ಕಸುಬು ಇದು. ಈಗ ಆ ಬೋರ್ಡು ಹಾಕಿಕೊಂಡವರೆಲ್ಲ ಅಯ್ಯಂಗಾರರಲ್ಲ, ಅದರಿಂದ ನಷ್ಟವೇನೂ ಇಲ್ಲ. ಬೋರ್ಡಿಗಿಂತ ಟ್ರೇ ನೋಡಿ. ಹಿಂದಿನ ಒಲೆಯಿಂದ ಬಂದದ್ದು ಬಂದ ಹಾಗೇ ಖಾಲಿಯಾಗುತ್ತಿದ್ದರೆ ಅದೇ ನಿಮ್ಮ ಬೇಕರಿ.

ಕೇಳಬೇಕಾದದ್ದು ಹನಿ ಕೇಕ್. ಮೆತ್ತನೆಯ ಸ್ಪಂಜು ಕೇಕಿಗೆ ಪಾಕ ಕುಡಿಸಿ, ಮೇಲೆ ಕೆಂಪು ಜಾಮು ಸವರಿ, ಒಣಕೊಬ್ಬರಿಯ ಪುಡಿ ಉದುರಿಸಿರುತ್ತಾರೆ. ಪಾಕದಲ್ಲಿ ಜೇನು ಎಷ್ಟು, ಸಕ್ಕರೆ ಎಷ್ಟು ಎಂದು ತನಿಖೆ ಮಾಡಲು ಹೋಗಬೇಡಿ. ಹೆಚ್ಚಿನ ಕಡೆ ಸಕ್ಕರೆಯದೇ ಮೇಲುಗೈ. ನೋಡಬೇಕಾದದ್ದು ತಳ. ಪಾಕ ಅಲ್ಲಿಯವರೆಗೆ ಇಳಿದಿರಬೇಕು, ಆದರೆ ಕೈಗೆತ್ತಿದರೆ ತುಂಡು ಕುಸಿಯಬಾರದು. ಒಂದು ತುಂಡಿಗೆ ಸುಮಾರು ಇಪ್ಪತ್ತು-ಮೂವತ್ತು ರೂಪಾಯಿ; ಬಡಾವಣೆ ನೋಡಿ ಬೆಲೆ ಹೆಚ್ಚುಕಡಿಮೆ. ಮೊಟ್ಟೆ ತಿನ್ನದವರು “ಮೊಟ್ಟೆ ಹಾಕಿದೀರಾ?” ಎಂದು ಕೇಳಿಯೇ ತೆಗೆದುಕೊಳ್ಳಿ. ಅಯ್ಯಂಗಾರ್ ಬೇಕರಿ ಎಂದ ಮಾತ್ರಕ್ಕೆ ಕೇಕಿನಲ್ಲಿ ಮೊಟ್ಟೆ ಇರುವುದಿಲ್ಲ ಎಂದುಕೊಳ್ಳುವ ಹಾಗಿಲ್ಲ.

ಹನಿ ಕೇಕ್ ಮುಗಿದಿದ್ದರೆ ದಿಲ್‌ಪಸಂದ್. ಪದರದ ಹಿಟ್ಟಿನೊಳಗೆ ಸಿಹಿ ಕೊಬ್ಬರಿ, ಟೂಟಿ ಫ್ರೂಟಿ ತುಂಬಿ ದುಂಡಗೆ ಬೇಯಿಸಿ, ಆಮೇಲೆ ತ್ರಿಕೋನವಾಗಿ ಕತ್ತರಿಸುತ್ತಾರೆ. ನನ್ನನ್ನು ಕೇಳಿದರೆ ಬಿಸಿಯಾಗಿದ್ದಾಗ ಇದೇ ಒಂದು ಕೈ ಮೇಲು. ತಣ್ಣಗಾದರೆ ಆ ಮಾತು ವಾಪಸ್ಸು.

ಕೂರಲು ಜಾಗ ಹುಡುಕಬೇಡಿ, ಇಂಥ ಕಡೆ ಕುರ್ಚಿ ಅಪರೂಪ. ಕಾಗದದ ಚೂರಿನ ಮೇಲೆ ಕೊಟ್ಟದ್ದನ್ನು ಫುಟ್‌ಪಾತಿನಲ್ಲೇ ನಿಂತು ತಿನ್ನಬೇಕು. ಬೆರಳು ಅಂಟಂಟಾಗುತ್ತದೆ, ಒಂದು ಕರವಸ್ತ್ರ ಇಟ್ಟುಕೊಳ್ಳಿ. ಸಿಹಿ ಹೆಚ್ಚಾಯಿತು ಅನ್ನಿಸಿದರೆ ಖಾರಾ ಬನ್ನೋ ಒಂದು ಹಿಡಿ ಕಾಂಗ್ರೆಸ್ ಕಡಲೆಕಾಯಿಯೋ ಸರಿಮಾಡುತ್ತದೆ. ತಿಂಡಿ ಬೀದಿಗೂ ಹೋಗುವವರು ಹೊಟ್ಟೆಯಲ್ಲಿ ಜಾಗ ಬಿಟ್ಟುಕೊಳ್ಳಿ. ಕತ್ತಲಾಗುತ್ತಿದ್ದಂತೆ ಅಲ್ಲಿ ಕಾಲಿಡಲು ಆಗದಷ್ಟು ಜನ.

ಊರಿಗೆ ಕಟ್ಟಿಸಿಕೊಂಡು ಹೋಗುವವರಿಗೆ ಒಂದು ಮಾತು. ಹನಿ ಕೇಕ್ ಪ್ರಯಾಣಕ್ಕೆ ಆಗಿಬರುವುದಿಲ್ಲ, ಪಾಕ ಸೋರಿ ಚೀಲದ ಬಟ್ಟೆಗೆಲ್ಲ ಅಂಟುತ್ತದೆ. ದಿಲ್‌ಪಸಂದ್ ರಾತ್ರಿ ಬಸ್ಸನ್ನು ತಡೆದುಕೊಳ್ಳುತ್ತದೆ. ಹಲವು ದಿನ ಇರಬೇಕೆಂದರೆ ಬೆಣ್ಣೆ ಬಿಸ್ಕತ್ತು, ರಸ್ಕು, ನಿಪ್ಪಟ್ಟು ಕಟ್ಟಿಸಿ.